ಮೂವತ್ತು ಸಾವಿರದ ಮೂವತ್ತೊಂದು

ಜುಂಜಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ. ನಾನು ಬಡವನಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತದ ಮೇಷ್ಟ್ರು. ಅವಳು ಅಲ್ಲೇ ಬಿಸಿಯೂಟದ ಅಡುಗೆಯವಳು, ಗೊಲ್ಲರಹಟ್ಟಿಯವಳು, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು.

ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕುರಿ ಕಾಯುವಾಗ ಅವಳಿಗೊಂದು ಚಟ ಹತ್ತಿತ್ತು. ಮಂದೆಯನ್ನು ಸಮನಾದ ಗುಂಪು ಮಾಡಿದರೆ ಒಂದೂ ಮಿಗದೆ ಮುಗಿಯುತ್ತದೆಯೇ ಎಂದು ಮನಸ್ಸಿನಲ್ಲೇ ನೋಡುವುದು. ಹೇಗೆ ಮಾಡಿದರೂ ಮಿಗುವ ಸಂಖ್ಯೆಗೆ ಅವಳಿಟ್ಟ ಹೆಸರು ‘ಒಡೆಯದ ಮಂದೆ’. ಕುರಿ ಮಾರಿ ಎಷ್ಟೋ ವರ್ಷವಾದರೂ ಚಟ ಹೋಗಲಿಲ್ಲ. ಅಕ್ಕಿ ಆರಿಸುತ್ತ ಲಾರಿಗಳ ನಂಬರನ್ನೂ ಒಡೆಯುತ್ತಾಳೆ. ‘ಅವಿಭಾಜ್ಯ ಸಂಖ್ಯೆ’ ಎಂದು ನಾನು ಗಂಟಲು ಹರಿದುಕೊಂಡರೂ ತಲೆಗೆ ಹತ್ತದ್ದು, ಮಕ್ಕಳಿಗೆ ಅವಳ ಒಲೆಯ ಪಕ್ಕ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಒಂಬತ್ತನೇ ಕ್ಲಾಸಿನ ಗಗನಾ ಪರೀಕ್ಷೆಯಲ್ಲೇ ‘ಒಡೆಯದ ಮಂದೆ’ ಎಂದು ಬರೆದಳು. ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದೆ.

ಹೋದ ಡಿಸೆಂಬರಿನಲ್ಲಿ ಗಣಿತ ದಿನಕ್ಕೆ ಬಿಇಒ ಸಾಹೇಬರು ಬರುವವರಿದ್ದರು. ನಾನು ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ 30031 ಎಂದು ಬರೆಸಿದೆ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು ಗುಣಿಸಿ ಒಂದು ಕೂಡಿಸಿದರೆ ಬರುವ ಸಂಖ್ಯೆ. ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಹಾಗಾಗಿ ಅವಿಭಾಜ್ಯ ಎಂದು ಕೆಳಗೆ ಬರೆಸಿ, ನನ್ನ ಹೆಸರನ್ನೂ ಹಾಕಿಸಿದೆ.

ಹಿಂದಿನ ದಿನ ಊಟ ಮುಗಿದ ಮೇಲೆ ಜುಂಜಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. ಸುತ್ತ ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಹೇಳಿದಳು:

“ಸಾ, ಆ ಮಂದೆ ಒಡೀತೈತೆ. ಐವತ್ತೊಂಬತ್ತರಂಗೆ ಬುಟ್ರೆ ಐನೂರೊಂಬತ್ತು ಗುಂಪಾಗ್ತವೆ. ಒಂದೂ ಮಿಗಲ್ಲ.”

“ನಿನ್ನ ಸಾರು ನೋಡ್ಕೋ ಹೋಗಮ್ಮ,” ಎಂದೆ.

ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಗುಣಿಸಿದೆ. ಸರಿಯಾಗಿತ್ತು. ಹದಿಮೂರರಾಚೆಗೆ ನಾನು ನೋಡಿಯೇ ಇರಲಿಲ್ಲ.

ಮರುದಿನ ಸಾಹೇಬರ ಎದುರು ನಾನೇ ಎದ್ದು, “ಮಕ್ಕಳನ್ನು ಪರೀಕ್ಷಿಸಲು ಬೇಕೆಂದೇ ತಪ್ಪು ಬರೆಸಿದ್ದೆ,” ಎಂದು ಐವತ್ತೊಂಬತ್ತರ ಗುಣಾಕಾರವನ್ನು ಬೋರ್ಡಿನ ಮೇಲೆ ಹಾಕಿದೆ. ಭಾರಿ ಚಪ್ಪಾಳೆ ಬಿತ್ತು. ಸಾಹೇಬರು ಶಾಲು ಹೊದಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಜುಂಜಮ್ಮನೂ ಚಪ್ಪಾಳೆ ತಟ್ಟುತ್ತಿದ್ದಳು.

ಸಂಜೆ ಅವಳು ನನ್ನತ್ತಲೇ ಬಂದಳು. ಬೈಯಲಿ ಎಂದೇ ಕಾದೆ. ಬೈದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಸಾ, ಬೆಳಗ್ಗಿಂದ ನೋಡ್ತಾ ಇದೀನಿ. ಆ ಐನೂರೊಂಬತ್ತೈತಲ್ಲ, ಅದು ಮಾತ್ರ ಹೆಂಗ್ ಮಾಡಿದ್ರೂ ಒಡೆಯಲ್ಲ!” ಎಂದಳು. ಮುಖವೆಲ್ಲ ನಗು. ಶಾಲಿನ ಕಡೆ ನೋಡಲೂ ಇಲ್ಲ.

ಯಾವ ಸಂಖ್ಯೆಯೂ ನನಗೆ ಅಷ್ಟು ಸಂತೋಷ ಕೊಟ್ಟ ನೆನಪಿಲ್ಲ. ಆ ಸಂತೋಷವನ್ನು ಅವಳಿಂದ ಕಿತ್ತುಕೊಳ್ಳುವುದು ಹೇಗೆಂದು ನನಗೆ ಹೊಳೆಯಲಿಲ್ಲ.