ನನ್ನ ಹೆಬ್ಬೆರಳಚ್ಚು ಬಿದ್ದ ಹೆಲ್ಮೆಟ್

ನನ್ನ ಅಣ್ಣ ಡೆಲ್ಮರ್ ಹೋಸ್ಟೆಟರ್ ಐವತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದವನು. ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಹೆಲ್ಮೆಟ್‌ಗಳ ಹುಚ್ಚು ಅವನಿಗೆ ಹತ್ತಿದ್ದೂ ಬಣ್ಣದ ದೆಸೆಯಿಂದಲೇ. ಪೆನ್ಸಿಲ್ವೇನಿಯಾದ ನಮ್ಮ ಕಡೆ ಆ ಯುದ್ಧಕ್ಕೆ ಹೋಗಿ ಬಂದವರ ಮನೆಯ ಅಟ್ಟದ ಮೇಲೋ ನೆಲಮಾಳಿಗೆಯಲ್ಲೋ ಗುರುತಿಗೆಂದು ತಂದ ಅಂಥದ್ದೊಂದು ಬಿದ್ದಿರುತ್ತಿತ್ತು. ತಂದೆ ತೀರಿಕೊಂಡ ಮೇಲೆ ಮಕ್ಕಳು ಅದನ್ನು ಹೊತ್ತುಕೊಂಡು ಡೆಲ್ಮರನ ಹತ್ತಿರ ಬರುತ್ತಿದ್ದರು. ಇದು ನಿಜವಾದದ್ದೇ ಎಂದು ಅವನ ಬಾಯಿಂದ ಕೇಳಬೇಕು, ಅಷ್ಟೆ.

ಅವನು ಮೊದಲು ಒಳಗಿನ ಚರ್ಮದ ಪಟ್ಟಿಯನ್ನು ಮೂಸುತ್ತಿದ್ದ. ಆಮೇಲೆ ಅಂಚಿನಲ್ಲಿ ಒತ್ತಿದ ಅಂಕಿ ಓದಿ, ಒಳಪಟ್ಟಿ ಹಿಡಿದಿರುವ ಮೂರು ಮೊಳೆ ತಡವಿ, ಕೊನೆಗೆ ಬಣ್ಣದ ಮೇಲೆ ಉಗುರು ಆಡಿಸುತ್ತಿದ್ದ. "ಉಕ್ಕು ಹೆಚ್ಚಿನಂಶ ನಿಜದ್ದೇ ಇರುತ್ತೆ ಕಣೇ ಫರ್ನ್. ಸಾದಾ ಹೆಲ್ಮೆಟ್ ಮೇಲೆ, ಸೈನಿಕರು ಮರೆಯಾಗೋಕೆ ಬಳೀತಿದ್ದ ಹಾಗೆ ಎಲೆಬಣ್ಣ, ಮಣ್ಣುಬಣ್ಣ ಬಳಿದು ರಣರಂಗದಿಂದ ಬಂತು ಅಂತಾರಲ್ಲ, ಮೋಸ ಇರೋದು ಅಲ್ಲಿ," ಎನ್ನುತ್ತಿದ್ದ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬೆಲ್ಲದ ಪಾಕದ ಪೈ ತಂದರೆ ಮಾತ್ರ ಬೇಡ ಅನ್ನುತ್ತಿರಲಿಲ್ಲ.

ನಾನು ಷರ್ಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿದವಳು. ಡೆಲ್ಮರನ ಕಣ್ಣು ಮಂಜಾದ ಮೇಲೆ ಜಾತ್ರೆ ಮೈದಾನದ ಶೆಡ್ಡಿನಲ್ಲಿ ನಡೆಯುವ ಹಳೇ ಯುದ್ಧಸಾಮಾನಿನ ಪ್ರದರ್ಶನಗಳಿಗೆ ನಾನೇ ಕಾರು ಓಡಿಸಿಕೊಂಡು ಕರೆದೊಯ್ಯುತ್ತಿದ್ದೆ.

ಹೋದ ವರ್ಷ ವಸಂತದ ಪ್ರದರ್ಶನಕ್ಕೆ ಆರ್ಲೀನ್ ಫೆಟರಾಲ್ಫ್ ಬಂದಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಅವಳ ತಂದೆ ಮಾರ್ವಿನ್ ಹಾಲಿನ ಲಾರಿ ಓಡಿಸುತ್ತಿದ್ದವನು, ಮಾತೇ ಇಲ್ಲದ ಮನುಷ್ಯ. ಜೀವಮಾನದಲ್ಲಿ ಯುದ್ಧದ ಬಗ್ಗೆ ಅವನು ಹೇಳಿದ್ದು ಒಂದೇ ಸಂಗತಿ: ಫ್ರಾನ್ಸಿನ ಒಂದು ಸೇಬಿನ ತೋಟದಲ್ಲಿ ಆ ಹೆಲ್ಮೆಟ್ ಸಿಕ್ಕಿತು ಎಂದು. ಅದನ್ನು ಅವನ ಹೆಸರಿನೊಂದಿಗೆ ಊರಿನ ಯುದ್ಧಸ್ಮಾರಕದ ಕೋಣೆಯಲ್ಲಿ ಇಡಿಸಬೇಕೆಂಬುದು ಆರ್ಲೀನಳ ಆಸೆ. ಪ್ರದರ್ಶನದ ಪರೀಕ್ಷಕರು ಬರೆದುಕೊಟ್ಟರೆ ಇಡುತ್ತೇವೆ ಎಂದು ಸ್ಮಾರಕದವರು ಹೇಳಿದ್ದರಂತೆ.

ದಿಂಬಿನ ಚೀಲದಿಂದ ತೆಗೆದುಕೊಟ್ಟ ಅದನ್ನು ಡೆಲ್ಮರ್ ಅರ್ಧ ಗಂಟೆ ಹಿಡಿದುಕೊಂಡಿದ್ದ. "ಇದು ನಿಜ ಆರ್ಲೀನ್. ಒಂದು ಚೂರೂ ಅನುಮಾನ ಇಲ್ಲ," ಎಂದ. ಅವಳು ಮುಖ ಅತ್ತ ತಿರುಗಿಸಿ ಮೂಗು ಒರೆಸಿಕೊಂಡಳು.

ಮುಖ್ಯ ಪರೀಕ್ಷಕ ಗ್ರಾಂಟ್ ವೈಡ್ನರ್ ಹಲ್ಲಿನ ಡಾಕ್ಟರು. ಹೆಲ್ಮೆಟ್ ನೋಡುವುದನ್ನು ಡೆಲ್ಮರನಿಂದಲೇ ಕಲಿತವನು, ವಿನಯವಂತ. ಅವನು ದಪ್ಪನೆಯ ಚಿತ್ರಪುಸ್ತಕ ತೆರೆದ. "ನೋಡಿ ಮೇಡಂ, ಫ್ರಾನ್ಸಿನಲ್ಲಿದ್ದ ಜರ್ಮನ್ ತುಕಡಿಯ ಹೆಲ್ಮೆಟ್‌ಗಳಲ್ಲಿ ಈ ಚಿತ್ರದಲ್ಲಿರುವ ಹಾಗೆ ಹಸಿರಿನ ಮೇಲೆ ಕಂದು ಬರಬೇಕು, ಬಣ್ಣದಲ್ಲಿ ಮರದ ಹೊಟ್ಟು ಬೆರೆತಿರಬೇಕು. ನಿಮ್ಮದರಲ್ಲಿ ಹೊಟ್ಟಿಲ್ಲ, ಕಂದು ಕೆಳಗಿದೆ. ಯಾರೋ ಆಮೇಲೆ ಬಳಿದಿದ್ದಾರೆ."

"ನಮ್ಮಪ್ಪ ಬಳಿದರು ಅಂತೀರಾ?"

"ಹಾಗಂದೆನಾ ನಾನು? ಪಾಪ, ಯಾರೋ ಅವರಿಗೆ ಮಾರಿರಬಹುದು."

ಪುಸ್ತಕದ ಚಿತ್ರದಲ್ಲಿದ್ದ ಹೆಲ್ಮೆಟ್ಟೇ ಆವತ್ತು ಪಕ್ಕದ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದರ ಒಡೆಯ ದೂರದಿಂದ ತಂದಿದ್ದ. ಒಮ್ಮೆ ಕೈಗೆ ಕೊಡಿ ಎಂದ ಡೆಲ್ಮರ್. ಕೊಟ್ಟರು. ಮೂಸಿದ, ತಿರುಗಿಸಿದ, ಹಿಂದಿನ ಅಂಚಿನ ಮೇಲೆ ಬೆರಳಾಡಿಸಿದ. ಮತ್ತೆ ಅಲ್ಲೇ ಬೆರಳು ನಿಲ್ಲಿಸಿದ.

"ಫರ್ನ್, ಬಾ ಇಲ್ಲಿ. ಇದನ್ನ ಮುಟ್ಟಿ ನೋಡು."

ಮುಟ್ಟಿದೆ. ಒಣಗಿದ ಬಣ್ಣದಲ್ಲಿ ಒಂದು ಹೆಬ್ಬೆರಳಿನ ಗುಳಿ.

ಸಾವಿರದ ಒಂಬೈನೂರ ಅರವತ್ತಮೂರು. ನಮ್ಮೂರ ಅಗ್ನಿಶಾಮಕ ದಳದ ಮೆರವಣಿಗೆಯಲ್ಲಿ ಯುದ್ಧದ ದೃಶ್ಯ ಮಾಡುವುದಿತ್ತು. ಆಗ ಸಾದಾ ಜರ್ಮನ್ ಹೆಲ್ಮೆಟ್‌ಗಳು ಮಿಲಿಟರಿ ಹಳೇಸಾಮಾನಿನ ಅಂಗಡಿಯಲ್ಲಿ ಪೀಪಾಯಿಗಟ್ಟಲೆ ಬಿದ್ದಿರುತ್ತಿದ್ದವು. ಡೆಲ್ಮರ್ ಒಂದು ಡಜನ್ ತಂದು ಅಪ್ಪನ ಕೊಟ್ಟಿಗೆಯಲ್ಲಿ ಬಣ್ಣ ಹೊಡೆದ. ಬಿಸಿಲಿಗೆ ಹೊಳೆಯಬಾರದೆಂದು ಅಪ್ಪನ ಗರಗಸದ ಕೆಳಗಿನ ಹೊಟ್ಟು ಬೆರೆಸಿದ. ಒಣಗುವ ಮೊದಲೇ ಒಂದನ್ನು ನಾನು ಎತ್ತಿಬಿಟ್ಟೆ. "ಹೆಬ್ಬೆರಳು ತೆಗಿಯೇ ಕತ್ತೆ!" ಎಂದು ಅವನು ಕೂಗಿದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಮೆರವಣಿಗೆ ಮುಗಿದ ಮೇಲೆ ಅವು ಎಲ್ಲೆಲ್ಲಿಗೆ ಹೋದವೋ, ಯಾರು ಕೇಳಿದರು?

ಆ ಗುಳಿಯನ್ನು ಪುಸ್ತಕದಲ್ಲಿ ದೊಡ್ಡದಾಗಿ ಅಚ್ಚು ಹಾಕಿದ್ದರು. ಕೆಳಗೆ, 'ಹೆಸರು ತಿಳಿಯದ ಜರ್ಮನ್ ಸೈನಿಕನ ಹೆಬ್ಬೆರಳು' ಎಂದು ಬರೆದಿತ್ತು.

"ಗ್ರಾಂಟ್, ಇದನ್ನ ಬಳಿದಿದ್ದು ನಾನು. ಈ ಬೆರಳು ನನ್ನ ತಂಗೀದು."

ಸುತ್ತ ನಿಂತವರು ನಕ್ಕರು. "ಫರ್ನ್, ಯಾವ ತುಕಡಿಯಲ್ಲಿದ್ದೆ ನೀನು?" ಎಂದ ಒಬ್ಬ.

ಗ್ರಾಂಟ್ ನಗಲಿಲ್ಲ. "ಡೆಲ್ಮರ್, ಈ ಪುಸ್ತಕದವರು ಕೇಳಿದಾಗ ಇದು ನಿಜದ್ದು ಅಂತ ಸಹಿ ಹಾಕಿದ್ದು ನೀವೇ ಅಲ್ವಾ?"

"ಹೌದಪ್ಪಾ. ಕಪ್ಪುಬಿಳುಪು ಫೋಟೋ ಕಳಿಸಿದ್ರು, ನೋಡಿ ಹಾಕ್ದೆ. ಗೊತ್ತಾಗ್ಲಿಲ್ಲ."

"ಆಗ ನಿಮ್ಮ ಕಣ್ಣು ಚೆನ್ನಾಗಿತ್ತು," ಎಂದ ಗ್ರಾಂಟ್ ಮೆಲ್ಲಗೆ.

ನಾನು ಗುಳಿಯಲ್ಲಿ ಹೆಬ್ಬೆರಳಿಟ್ಟೆ. ಅದು ಕೂರಲಿಲ್ಲ. ನನ್ನ ಗಂಟು ಊದಿ ಬೆರಳು ಸೊಟ್ಟಗಾಗಿ ಎಷ್ಟೋ ಕಾಲವಾಗಿದೆ. ಕಾಲರ್ ಹೊಲಿದು ಹೊಲಿದು ಗೆರೆಗಳೂ ಅಳಿಸಿವೆ. ಆ ಮೆರವಣಿಗೆಯವರಲ್ಲಿ ಉಳಿದವರು ನಾವಿಬ್ಬರೇ.

"ಹಾಗಾದ್ರೆ ಇಂಥದ್ದೇ ಇನ್ನೊಂದು ಮಾಡಿ ತೋರಿಸ್ತೀನಿ. ಶರತ್ಕಾಲದ ಪ್ರದರ್ಶನದವರೆಗೆ ಟೈಮ್ ಕೊಡು," ಎಂದ ಡೆಲ್ಮರ್.

ಬೇಸಿಗೆಯೆಲ್ಲ ಅದೇ ಕೆಲಸ. ಆ ಕಾಲದ ಸೀಸದ ಬಣ್ಣ ಈಗ ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಇದ್ದುದರಲ್ಲೇ ಕಲಸಿ ನೋಡಿದ. ಕೈ ನಡುಗುತ್ತಿತ್ತು, ಒಂದೇ ಎಳೆತಕ್ಕೆ ಬರುತ್ತಿದ್ದ ಪಟ್ಟೆ ಈಗ ಮೂರು ಕಡೆ ಒಡೆಯುತ್ತಿತ್ತು. ಮೂರು ಹೆಲ್ಮೆಟ್ ಬಳಿದ. ನೋಡಿದರೆ ನನಗೇ ಹೌದೆನ್ನಿಸಲಿಲ್ಲ.

ಶರತ್ಕಾಲದಲ್ಲಿ ಗ್ರಾಂಟ್ ಎಲ್ಲವನ್ನೂ ಕತ್ತಲೆ ಮೂಲೆಗೆ ಒಯ್ದು, ಹೊಸ ಬಣ್ಣವಾದರೆ ಹೊಳೆಯಿಸುವ ನೇರಳೆ ದೀಪ ಹಿಡಿದ. ಡೆಲ್ಮರನ ಮೂರೂ ಹಾಲು ಚೆಲ್ಲಿದಂತೆ ಹೊಳೆದವು. ಒಡೆಯ ಮತ್ತೆ ತಂದಿದ್ದ ಪುಸ್ತಕದ್ದು ಕಪ್ಪಗೆ ಸುಮ್ಮನಿತ್ತು.

"ಇವು ಹೊಸವು ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಬಳಿದ ಕೈಯೂ ಬೇರೆ. ಅದನ್ನ ನೀವು ಮಾಡಿಲ್ಲ ಅನ್ನೋದಕ್ಕೆ ಇನ್ನೇನು ಬೇಕು ಡೆಲ್ಮರ್? ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ," ಎಂದು ಗ್ರಾಂಟ್ ಅವನ ಬೆನ್ನು ಸವರಿದ. ಗದರಿದ್ದರೆ ಎಷ್ಟೋ ಮೇಲಿತ್ತು. ಆರ್ಲೀನಳ ಅರ್ಜಿಯ ಮೇಲೆ 'ನಂತರ ಬಳಿದದ್ದು' ಎಂದು ಬರೆದುಕೊಟ್ಟರು.

ಹೊರಗೆ ಕಾರಿನ ಹತ್ತಿರ ಅವಳು ದಿಂಬಿನ ಚೀಲ ಅಪ್ಪಿಕೊಂಡು ನಿಂತಿದ್ದಳು.

"ಡೆಲ್ಮರ್, ನಮ್ಮಪ್ಪ ಹೇಳಿದ್ದು ನಿಜ ತಾನೆ?"

"ನಿಜ. ನಾನು ಬರೆದುಕೊಡ್ತೀನಿ. ಎಷ್ಟು ಸಲ ಬೇಕಾದ್ರೂ ಬರೆದುಕೊಡ್ತೀನಿ."

"ಬೇಡ," ಎಂದಳು ಆರ್ಲೀನ್. "ಈಗ ನೀವು ಬರೆದುಕೊಟ್ರೆ ಇನ್ನೂ ಕೆಡುತ್ತೆ."

ಡೆಲ್ಮರ್ ತಲೆಯಾಡಿಸಿದ. ಅವಳು ಅದನ್ನು ನೆಲಮಾಳಿಗೆಯಲ್ಲಿ, ಉಪ್ಪಿನಕಾಯಿ ಜಾಡಿಗಳ ಮೇಲಿನ ಹಳೇ ಮೊಳೆಗೇ ಮತ್ತೆ ತೂಗುಹಾಕಿದಳೆಂದು ಆಮೇಲೆ ಕೇಳಿದೆ.

ಮರುದಿನ ಬೆಳಿಗ್ಗೆ ಡೆಲ್ಮರ್ ಜಗುಲಿಗೆ ಬಣ್ಣ ಕರಗಿಸುವ ದ್ರಾವಣದ ಡಬ್ಬಿ ತಂದು ಕೂತ. ತಾನು ಬಳಿದ ಮೂರನ್ನೂ ಬರೀ ಉಕ್ಕಿಗೆ ಇಳಿಸಬೇಕಂತೆ.

"ಬಿಡೋ, ಯಾರು ನೋಡ್ತಾರೆ?" ಎಂದೆ.

"ಇನ್ನು ಅರವತ್ತು ವರ್ಷ ಬಿಟ್ಟು ಇವೂ ದೀಪಕ್ಕೆ ಹೊಳೆಯಲ್ಲ ಅಂದ್ರೆ? ಹಿಡ್ಕೋ ಸುಮ್ನೆ."

ನಾನು ಅಂಚು ಹಿಡಿದುಕೊಂಡೆ. ಅವನು ಕೆರೆಯತೊಡಗಿದ. ಹಸಿರು, ಕಂದು, ಹೊಟ್ಟು ಎಲ್ಲ ಕಲಸಿಕೊಂಡು ಪೇಪರಿನ ಮೇಲೆ ಬೀಳುತ್ತಿತ್ತು.

"ಹೆಬ್ಬೆರಳು ತೆಗಿಯೇ," ಎಂದ.

ತೆಗೆದೆ.