ಮೊಳಕೆಕಾಯಿಯ ಸಿಹಿ

ಧಾರವಾಡದ ಗೆಳತಿಯರೇ, ಇಲ್ಲಿ ಗುಬ್ಬಿಯಲ್ಲಿ ಸ್ನಾನದ ನೀರನ್ನು ತೆಂಗಿನ ಕರಟ ಉರಿಸಿ ಕಾಯಿಸುತ್ತಾರೆ! ಬಂದಿಳಿದ ದಿನ ಬಚ್ಚಲೊಲೆಯ ಮುಂದೆ ನಾನು ಬಾಯಿ ತೆರೆದು ನಿಂತುಬಿಟ್ಟೆ. ನಮ್ಮಲ್ಲಿ ಒಂದು ಕಾಯಿ ತಂದರೆ ದೇವರಿಗೆ ಒಡೆದು, ಹೋಳನ್ನು ಜೋಪಾನವಾಗಿ ಎತ್ತಿಟ್ಟು, ಚಟ್ನಿಗೆ ಚೂರೇ ಚೂರು ತುರಿಯುತ್ತೇವೆ. ಇಲ್ಲಿ ಸಾರಿಗೂ ಕಾಯಿ, ಪಲ್ಯಕ್ಕೂ ಕಾಯಿ, ಹಿತ್ತಿಲಲ್ಲಿ ಎಡವಿದರೂ ಕಾಯಿ. ಜೋಳದ ರೊಟ್ಟಿಯ ಮಾತು ಮಾತ್ರ ಎತ್ತಬೇಡಿ. ರಾಗಿಮುದ್ದೆಯನ್ನು ಅಗಿಯದೆ ನುಂಗಲು ಕಲಿಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ರಾಜ್ಯ ಒಂದಾದ ಮೇಲೆ ನಮ್ಮವರಿಗೆ ಇಲ್ಲಿನ ಹೈಸ್ಕೂಲಿಗೆ ವರ್ಗವಾಯಿತು. ಅಲ್ಲಿ ಮಾಸ್ತರರಾಗಿದ್ದವರು ಇಲ್ಲಿ ಮೇಷ್ಟ್ರಾದರು. ಬದಲಾಗದೆ ಉಳಿದದ್ದು ಊಟದ ಮೇಲಿನ ಫೇಡೆ. ಈ ಕಡೆ ಬರುವವರ ಕೈಯಲ್ಲೆಲ್ಲ ಅತ್ತೆ ಒಂದು ಡಬ್ಬಿ ಕಳಿಸುತ್ತಿದ್ದರು. ಅಷ್ಟರಲ್ಲಿ ಇವರ ಕಾಲಿನ ಗಾಯವೊಂದು ಮಾಯದೆ ತುಮಕೂರಿನ ಡಾಕ್ಟರಿಗೆ ತೋರಿಸಿದೆವು. ಸಕ್ಕರೆ ಕಾಯಿಲೆ ಎಂದರು. ಔಷಧಿ ಕೊಟ್ಟು, ಸಿಹಿತಿಂಡಿ ಬಿಡದಿದ್ದರೆ ಕಾಲಿಗೇ ಅಪಾಯ ಎಂದು ಎಚ್ಚರಿಸಿದರು.

ಇವರು ಕೇಳಬೇಕಲ್ಲ! "ಊಟಾದ ಮ್ಯಾಲೆ ಬಾಯಿ ಸಿಹಿ ಆಗಲಿಲ್ಲಂದ್ರ ಅದೆಂಥಾ ಊಟ? ನಾಕು ವರ್ಷ ಕಡಿಮಿ ಬದುಕಿದ್ರೂ ಅಡ್ಡಿಯಿಲ್ಲ" ಎಂದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಗುರುತಿಲ್ಲದ ಊರಿನಲ್ಲಿ ಈ ಮನುಷ್ಯನನ್ನು ಬಿಟ್ಟರೆ ನನಗೆ ಯಾರಿದ್ದರು?

ಮನೆಯೊಡತಿ ಸಿದ್ಧಲಿಂಗಮ್ಮ ನನ್ನ ಸಪ್ಪೆ ಮುಖ ನೋಡಿ ವಿಷಯ ಕೇಳಿದರು. ಒಂದು ದಿನ ಅಡುಗೆಮನೆಯ ಮೂಲೆಯಲ್ಲಿ ಮರೆತುಹೋಗಿ ಮೊಳೆತಿದ್ದ ಕಾಯಿಯನ್ನು ಒಡೆದರು. ಒಳಗೆ ನೀರಿಲ್ಲ! ಅದರ ಬದಲು ಹತ್ತಿಯಂಥ ಬೆಳ್ಳಗಿನ ಉಂಡೆ. ಕೆಟ್ಟ ಕಾಯಿ ಎಂದು ನಾನು ಹಿಂದೆ ಸರಿದರೆ, ಒಂದು ಚೂರು ಮುರಿದು ನನ್ನ ಬಾಯಿಗೇ ಇಟ್ಟರು. ಅಬ್ಬಾ, ಎಷ್ಟು ಹಗುರ! ಸಿಹಿ ಇದೆಯೋ ಇಲ್ಲವೋ ಎನ್ನುವಷ್ಟು ಸಿಹಿ. ಆ ದಿನ ಊಟದ ಮೇಲೆ ಇವರಿಗೂ ಕೊಟ್ಟೆ. ತಿಂದು, ತಟ್ಟೆ ನೋಡಿ, "ಇನ್ನೂ ಐತೇನು?" ಎಂದರು. ಫೇಡೆಯ ಡಬ್ಬಿ ಅಂದು ತೆರೆಯಲೇ ಇಲ್ಲ. ಮುಂದಿನ ಸಲ ಡಾಕ್ಟರನ್ನು ಕೇಳಿದಾಗ, ಅಪರೂಪಕ್ಕೆ ಒಂದು ಚೂರು ಆದೀತು ಎಂದರು.

ನನ್ನ ಉತ್ಸಾಹಕ್ಕೆ ಲಂಗುಲಗಾಮು ಬೇಡವೇ? ಬಚ್ಚಲ ನೀರು ಹರಿಯುವ ಕಡೆ ಪಾತಿಯಲ್ಲಿ ಮೊಳಕೆಕಾಯಿಗಳನ್ನು ಸಾಲಾಗಿ ಇಟ್ಟಿದ್ದರು. ಡಾಕ್ಟರು ಒಪ್ಪಿದ ಮರುದಿನವೇ ಮಚ್ಚು ಹಿಡಿದು ಹೋಗಿ, ದಷ್ಟಪುಷ್ಟವಾದ ಎರಡನ್ನು ಕಿತ್ತು ಒಡೆದುಬಿಟ್ಟೆ. ಸದ್ದು ಕೇಳಿ ಸಿದ್ಧಲಿಂಗಮ್ಮ ಓಡಿ ಬಂದರು.

"ಏನ್ ಮಾಡ್ದೆ ಕಣವ್ವ! ಅವು ತಿನ್ನೋವಲ್ಲ, ತೋಟಕ್ಕೆ ನೆಡೋ ಸಸಿ. ಎರಡು ಮರ ಕಡಿದಂಗಾಯ್ತಲ್ಲ" ಎಂದು ತಲೆ ಮೇಲೆ ಕೈಹೊತ್ತು ಕೂತರು.

ನೆಲ ಬಿರಿದರೆ ಸಾಕು ಎನ್ನಿಸಿತು. ತೆಂಗಿನ ನಾಡಿನ ಯಾವ ಮಗುವೂ ಮಾಡದ ತಪ್ಪು! ಶಾಲೆಯಿಂದ ಬಂದ ಇವರೂ ಕ್ಷಮೆ ಕೇಳಿದರು. ಆಕೆ ಎದ್ದು ಸೆರಗು ಕೊಡವಿಕೊಂಡು, "ಆಗಿದ್ದಾಯ್ತು ಬುಡು. ಇನ್ನೊಂದು ಸಸಿ ಕೊಡ್ತೀನಿ, ಗಂಡ ಹೆಂಡ್ತಿ ಸೇರಿ ಹಿತ್ಲಲ್ಲಿ ನೆಡಿ. ನೀರೂ ನೀವೇ ಹುಯ್ಬೇಕು" ಎಂದರು.

ನಾನು ಗುಂಡಿ ತೋಡಿದೆ. ಇವರು ಕಾಲಿನ ಪಟ್ಟಿಗೆ ಮಣ್ಣು ತಾಗದಂತೆ ಮಣೆಯ ಮೇಲೆ ಕೂತು ಸಸಿ ಇಳಿಸಿದರು. ಇದು ಕಾಯಿ ಬಿಡಲು ಎಷ್ಟು ವರ್ಷ ಬೇಕು ಎಂದು ಕೇಳಿದರು. ಏಳೆಂಟು ವರ್ಷವಾದರೂ ಬೇಕು ಎಂದರು ಸಿದ್ಧಲಿಂಗಮ್ಮ. ಇವರು ಆ ಒಂದು ಗೇಣು ಗರಿಯನ್ನೇ ನೋಡುತ್ತ ಕೂತರು. ರಾತ್ರಿ ಊಟದ ಮೇಲೆ ಫೇಡೆಯ ಡಬ್ಬಿಯನ್ನು ನನ್ನ ಕಡೆ ಸರಿಸಿ, "ಓಣಿ ಹುಡುಗರಿಗೆ ಕೊಟ್ಟುಬಿಡು. ನಮ್ಮ ಗಿಡದ ಕಾಯಿ ನೋಡಬೇಕು ನಾನು" ಎಂದರು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಈಗ ಊಟದ ಮೇಲೆ ಇಲ್ಲಿಯವರು ಗಂಜಿ ಎನ್ನುವ ಎಳನೀರಿನ ತೆಳು ತಿರುಳು, ಇಲ್ಲವೇ ಅರ್ಧ ಸೀಬೆಹಣ್ಣು. ನೆಡಲು ಬಾರದ ಮೊಳಕೆಕಾಯಿ ಸಿಕ್ಕರೆ ಸಿದ್ಧಲಿಂಗಮ್ಮನೇ ತಂದುಕೊಡುತ್ತಾರೆ. ಗಾಯ ಮಾಯ್ದಿದೆ. ಊರಿಗೆ ಯಾವಾಗ ವಾಪಸು ಬರುತ್ತೀರಿ ಎಂದು ಅತ್ತೆ ಮತ್ತೆ ಮತ್ತೆ ಕೇಳಿ ಕಳಿಸುತ್ತಾರೆ. ನನಗೂ ಧಾರವಾಡ ಬೇಕು ಗೆಳತಿಯರೇ, ನೀವು ಬೇಕು, ಬಿಸಿ ರೊಟ್ಟಿ ಬೇಕು. ಆದರೆ ನನ್ನ ಗಂಡನಿಗೆ ಬದುಕಬೇಕೆನ್ನಿಸಿದ್ದು ಈ ಹಿತ್ತಿಲಲ್ಲಿ. ಗಿಡ ಈಗ ನನ್ನ ಸೊಂಟದವರೆಗೆ ಬಂದಿದೆ. ಅದನ್ನು ಬಿಟ್ಟು ಹೇಗೆ ಬರಲಿ?