ಆರಿಸದ ಬಲ್ಬು, ಏಳದ ಬ್ಯಾಟರಿ

ನಮ್ಮ ಭಾವ ಒಂದು ಬಲ್ಬ್ ಆಫ್ ಮಾಡಲಿಲ್ಲ. ಅದಕ್ಕೇ ಈ ವಯಸ್ಸಿನಲ್ಲಿ ಆನೆ ಕಾಯಲು ಅಟ್ಟಣೆ ಹತ್ತಿ ಮಲಗಬೇಕಾಯಿತು.

ನಂಬುವುದು ಕಷ್ಟ ಅಲ್ಲವೇ? ಫೋನಿನಲ್ಲಿ ಅಕ್ಕ ಹೇಳಿದಾಗ ನನಗೂ ತಲೆಬುಡ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳು ಎಂದೆ.

ಅಕ್ಕನ ಮನೆ ಕೌದಳ್ಳಿಯಲ್ಲಿ. ಅವರ ಹೊಲದ ಒಂದು ಅಂಚು ಕಾಡಿಗೆ ತಾಗಿಕೊಂಡಿದೆ. ರಾಗಿ ತೆನೆ ಬಲಿಯುವ ಸುದ್ದಿ ಆನೆಗಳಿಗೆ ಹೇಗೋ ಮುಟ್ಟುತ್ತದೆ (ಯಾರು ಫೋನ್ ಮಾಡುತ್ತಾರೋ). ಹಾಗಾಗಿ ಸುತ್ತ ಸೋಲಾರ್ ಬೇಲಿ ಹಾಕಿಸಿದ್ದಾರೆ. ಹಗಲು ಪ್ಯಾನಲ್ಲು ಬ್ಯಾಟರಿಗೆ ಚಾರ್ಜ್ ತುಂಬುತ್ತದೆ. ರಾತ್ರಿ ಬ್ಯಾಟರಿ ತಂತಿಗೆ ಕರೆಂಟ್ ಕೊಡುತ್ತದೆ. ತಂತಿ ಮುಟ್ಟಿದ ಆನೆ ಬೆಚ್ಚಿ ಹಿಂದಿರುಗುತ್ತದೆ, ಭಾವ ಮನೆಯಲ್ಲಿ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಾರೆ.

ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆಂದು ಭಾವ ಪ್ರತಿವರ್ಷ ರಸ್ತೆ ಬದಿ ಚಪ್ಪರ ಹಾಕಿ ನೀರುಮಜ್ಜಿಗೆ ಕೊಡುತ್ತಾರೆ. ಈ ಸಲ ಅಲ್ಲಿಗೆ ಬೆಳಕು ಬೇಕಾಯಿತು. ರಾಗಿ ಇನ್ನೂ ತೆನೆ ಕಟ್ಟಿರಲಿಲ್ಲ, ಬೇಲಿಗೆ ಕೆಲಸವಿರಲಿಲ್ಲ. ಬ್ಯಾಟರಿ ಬಿಚ್ಚಿ ತಂದು ಅದಕ್ಕೊಂದು ಎಲ್‌ಇಡಿ ಬಲ್ಬ್ ಕಟ್ಟಿದರು.

ನಡೆಯುವವರ ಕೊನೆಯ ಗುಂಪು ದಾಟಿತು. ಚಪ್ಪರ ಬಿಚ್ಚಿದ್ದೂ ಆಯಿತು. ಬಲ್ಬ್ ಮಾತ್ರ ಉರಿಯುತ್ತಲೇ ಇತ್ತು.

ಯಾಕೆ? ಮಾದಪ್ಪನ ಹೆಸರಲ್ಲಿ ಹಚ್ಚಿದ ದೀಪವನ್ನು ಕೈಯಾರೆ ಆರಿಸಬಾರದು. ಎಣ್ಣೆ ತೀರಿ ತಾನಾಗಿ ಶಾಂತವಾಗಬೇಕು. ಅವರ ಮನೆಯಲ್ಲಿ ತಾತನ ಕಾಲದಿಂದ ನಡೆದುಕೊಂಡು ಬಂದದ್ದು. ಆಗ ಹಣತೆಯಿತ್ತು, ಈಗ ಎಲ್‌ಇಡಿ. ಭಾವನಿಗೆ ವ್ಯತ್ಯಾಸವೇನೂ ಕಾಣಲಿಲ್ಲ. ಬಲ್ಬ್ ಸಮೇತ ಬ್ಯಾಟರಿಯನ್ನು ತಂದು ಜಗುಲಿಯ ಮೇಲಿಟ್ಟರು. ಅದು ದಿನದಿಂದ ದಿನಕ್ಕೆ ಮಂಕಾಗುತ್ತಾ ಹೋಗಿ ಕಡೆಗೆ ಶಾಂತವಾಯಿತು. ಭಾವ ಕೈಮುಗಿದು ಬ್ಯಾಟರಿಯನ್ನು ಮೂಲೆಗೆ ಸರಿಸಿದರು.

ರಾಗಿ ಬಲಿತ ಮೇಲೆ ಅದನ್ನು ತಂದು ಬೇಲಿಗೆ ಸಿಕ್ಕಿಸಿದರೆ ಜೀವವೇ ಇಲ್ಲ. ಮೇಲೆ ಒಳ್ಳೆಯ ಬಿಸಿಲು, ಪ್ಯಾನಲ್ಲೂ ಚೆನ್ನಾಗಿದೆ. ಚಾರ್ಜ್ ಮಾತ್ರ ಹತ್ತುತ್ತಿಲ್ಲ.

"ನಿಮ್ ಭಾವ ಅಟ್ಟಣೆ ಅತ್ತವ್ರೆ ಕಣ್ಲಾ," ಎಂದಳು ಅಕ್ಕ. "ಆ ಮಂಡಿನೋವಲ್ಲಿ ಏಣಿ ಅತ್ತಿ ಇಳಿಯಾದ ನೋಡುದ್ರೆ ನಂಗೆ ಊಟ ಸೇರಾಕಿಲ್ಲ. ಆನೆಗಿಂತ ಆ ಏಣೀದೇ ಭಯ. ನೀನು ಪೇಪರ್‌ಗೆ ಬರೆಯೋನಲ್ವಾ, ಏನಾರ ಮಾಡು."

(ಪೇಪರಿಗೆ ಬರೆಯುವವನಿಗೆ ಬ್ಯಾಟರಿ ರಿಪೇರಿಯೂ ಬರುತ್ತದೆ ಎಂದು ಅವಳಿಗೆ ಹೇಳಿದವರು ಯಾರೋ ಕಾಣೆ.)

ಕೌದಳ್ಳಿಗೆ ಹೋದೆ. ರೇಷ್ಮೆಗೂಡು ತುಂಬಿಕೊಂಡು ಕೊಳ್ಳೇಗಾಲಕ್ಕೆ ಹೊರಟಿದ್ದ ಗೂಡ್ಸ್ ಆಟೋ ಸಿಕ್ಕಿತು. ಹಿಂದೆ ಬ್ಯಾಟರಿ ಇಡಲು ಡ್ರೈವರ್ ಬಿಡಲಿಲ್ಲ. "ಆಸಿಡ್ ಚೆಲ್ಲುದ್ರೆ ಗೂಡೆಲ್ಲ ಓಯ್ತದೆ ಸಾ, ತೊಡೆ ಮ್ಯಾಲೆ ಮಡಿಕಳಿ," ಎಂದ. ಗೂಡಿಗೆ ಬೆಲೆಯಿದೆ, ನನ್ನ ಪ್ಯಾಂಟಿಗೆ ಇಲ್ಲ. ಹನೂರು ದಾಟುವ ಹೊತ್ತಿಗೆ ಕಾಲು ಜೋಮು ಹಿಡಿದಿತ್ತು.

ಕೊಳ್ಳೇಗಾಲದ ಬ್ಯಾಟರಿ ಅಂಗಡಿಯವನು ಮೀಟರ್ ಹಿಡಿದು ನೋಡಿ ತಲೆ ಅಲ್ಲಾಡಿಸಿದ.

"ಇದು ಸತ್ತೋಗದೆ ಸಾ. ಬೇರೆ ತಕಳಿ. ಈ ಅಳತೇದು ಸ್ಟಾಕ್ ಇಲ್ಲ, ಮುಂದಿನ ವಾರ ಬತ್ತದೆ."

ಮುಂದಿನ ವಾರದವರೆಗೆ ಭಾವ ಏಣಿ ಹತ್ತಬೇಕೇ? "ಚಾರ್ಜ್‌ಗೆ ಹಾಕಿ ನೋಡಿ," ಎಂದೆ.

"ಚಾರ್ಜ್ ಆಗಾಕಿಲ್ಲ."

"ಯಾಕೆ?"

"ಚಾರ್ಜ್ ಇಲ್ವಲ್ಲ ಸಾ."

ಇಲ್ಲ ಅಂತಲ್ಲವೇ ತಂದಿರುವುದು? ಅವನು ಬಿಡಿಸಿ ಹೇಳಿದ. ಈಗಿನ ಚಾರ್ಜರುಗಳು ಮೊದಲು ಬ್ಯಾಟರಿಯನ್ನು ಮುಟ್ಟಿ ನೋಡುತ್ತವೆ. ಒಂದಿಷ್ಟಾದರೂ ಚಾರ್ಜ್ ಉಳಿದಿದ್ದರೆ ಕೊಡುತ್ತವೆ. ಪೂರ್ತಿ ಖಾಲಿಯಾಗಿದ್ದರೆ ಅಲ್ಲಿ ಬ್ಯಾಟರಿಯೇ ಇಲ್ಲ ಎಂದುಕೊಂಡು ಸುಮ್ಮನಾಗುತ್ತವೆ. ಬೇಲಿಯ ಹತ್ತಿರ ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಇರುವ ಸೋಲಾರ್ ಚಾರ್ಜರ್ ಡಬ್ಬಿ ಮಾಡಿದ್ದೂ ಅದನ್ನೇ. ಅನುಭವ ಇದ್ದವರಿಗೆ ಮಾತ್ರ ಕೆಲಸ ಕೊಡುವ ಆಫೀಸು, ಆಸ್ತಿ ಇದ್ದವರಿಗೆ ಮಾತ್ರ ಸಾಲ ಕೊಡುವ ಬ್ಯಾಂಕು ಗೊತ್ತಿತ್ತು. ಚಾರ್ಜರ್ ಕೂಡ ಅದೇ ಸ್ಕೂಲಿನಲ್ಲಿ ಓದಿದೆಯೇ?

ಯಳಂದೂರಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದ ನನ್ನ ಗೆಳೆಯನಿದ್ದಾನೆ. ಅವನಿಗೆ ಫೋನ್ ಮಾಡಿದೆ.

"ಯಾವನಯ್ಯ ಸತ್ತಿದೆ ಅಂದೋನು? ಪಕ್ಕದಲ್ಲಿ ಒಂದು ಒಳ್ಳೇ ಬ್ಯಾಟರಿ ಇಟ್ಟು ಪ್ಲಸ್‌ಗೆ ಪ್ಲಸ್ಸು, ಮೈನಸ್‌ಗೆ ಮೈನಸ್ಸು ಕಟ್ಟು. ಚಾರ್ಜರ್ ಮೋಸ ಹೋಗ್ತದೆ. ಚಾರ್ಜ್ ಹತ್ತಿದ ಮೇಲೆ ಒಳ್ಳೇದನ್ನ ಬಿಚ್ಚು. ಆಮೇಲೆ ನಿಧಾನವಾಗಿ ಕುಡಿಸು. ನೀರು ಕಮ್ಮಿಯಿದ್ರೆ ಡಿಸ್ಟಿಲ್ಡ್ ವಾಟರ್ ಹಾಕು. ಆಸಿಡ್ ಹಾಕಿದ್ಯೋ, ಕೆಟ್ಟೆ."

ಇದನ್ನು ಅಂಗಡಿಯವನಿಗೆ ಹೇಳಿದೆ. ಅವನು ನಕ್ಕ. "ನಿಧಾನಕ್ಕೆ ಕೊಟ್ರೆ ಇದು ಏಳಾಕಿಲ್ಲ ಸಾ. ಆಸಿಡ್ ಬದ್ಲಾಯ್ಸಿ ಜೋರಾಗಿ ಚಾರ್ಜ್ ಒಡೀಬೇಕು." ಅಷ್ಟರಲ್ಲಿ ಭಾವನ ಫೋನು. "ನಿನ್ ಜೇಬಲ್ಲಿ ವಿಭೂತಿ ಪೊಟ್ಟಣ ಮಡಗಿವ್ನಿ ಕಣಪ್ಪ, ಅದ್ರ ಮೊಕಕ್ಕೆ ಒಂದೀಟು ಅಚ್ಚು."

ನೀರೋ ಆಸಿಡ್ಡೋ? ನಿಧಾನವೋ ಜೋರೋ? ಯಾರ ದನಿಯಲ್ಲೂ ಒಂದು ಚೂರು ಅನುಮಾನವಿರಲಿಲ್ಲ. ಅನುಮಾನವೆಲ್ಲ ನನ್ನ ಪಾಲಿಗೇ ಬಂದಿತ್ತು.

ಕಡೆಗೆ ಅದನ್ನು ಕೊಳ್ಳೇಗಾಲದ ನಮ್ಮ ಮನೆಗೇ ಹೊತ್ತು ತಂದು ಯುಪಿಎಸ್ ಬ್ಯಾಟರಿಗೇ ಕೈ ಹಾಕಿದೆ. "ಅದೂ ಹೋದರೆ?" ಎಂದಳು ಹೆಂಡತಿ. ಗೆಳೆಯ ಹೇಳಿದ ಹಾಗೆ ಎರಡನ್ನೂ ಜೋಡಿಸಿ ಯುಪಿಎಸ್‌ನ ಚಾರ್ಜರಿಗೆ ಹಾಕಿದೆ. ಗ್ಯಾಸ್ ಬರುತ್ತದೆಂದು ಕಿಟಕಿಗಳನ್ನೆಲ್ಲ ತೆಗೆದಿಟ್ಟೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ವಿಭೂತಿಯನ್ನೂ ಹಚ್ಚಿದೆ (ಟರ್ಮಿನಲ್‌ಗಲ್ಲ, ಪಕ್ಕಕ್ಕೆ). ಚಾರ್ಜರಿನ ದೀಪ ಹತ್ತಿತು. ಸ್ವಲ್ಪ ಹೊತ್ತು ಬಿಟ್ಟು ಒಳ್ಳೆಯದನ್ನು ಬಿಚ್ಚಿದೆ. ದೀಪ ಹಾಗೇ ಇತ್ತು. ನಿಜ ಹೇಳುತ್ತೇನೆ, ಪರೀಕ್ಷೆ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಏಳಿಸಿದ್ದು ಯಾವುದು? ವಿಜ್ಞಾನ ಎನ್ನುತ್ತಾನೆ ಗೆಳೆಯ. ಮಾದಪ್ಪ ಎನ್ನುತ್ತಾರೆ ಭಾವ. ಎದ್ದೇ ಇಲ್ಲ, ಮೇಲ್ಮೇಲಿನ ಚಾರ್ಜು ಎನ್ನುತ್ತಾನೆ ಅಂಗಡಿಯವನು. ನನಗಂತೂ ಇವತ್ತಿಗೂ ಗೊತ್ತಿಲ್ಲ. ಇಬ್ಬರು ತಜ್ಞರೂ ಒಪ್ಪಿದ್ದು ಒಂದೇ ಮಾತು. ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಕೆಲಸವಿಲ್ಲದಾಗಲೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಇನ್ನೊಮ್ಮೆ ಹೀಗೆ ಖಾಲಿಯಾದರೆ ಏಳುವುದಿಲ್ಲ.

ಬ್ಯಾಟರಿ ಹೊತ್ತು ಕೌದಳ್ಳಿಗೆ ಹೋದೆ. ನೋಡೋಣವೆಂದು ಜಗುಲಿಯ ಮೇಲೆ ಅದೇ ಬಲ್ಬ್ ಸಿಕ್ಕಿಸಿದೆ. ಝಗ್ಗನೆ ಉರಿಯಿತು. ಅಕ್ಕ ಒಳಗಿಂದ ಬಂದು ಕೈಮುಗಿದಳು.

ಅಲ್ಲಿಗೆ ಕೆಟ್ಟಿತು. ಹೊತ್ತು ಇಳಿಯುತ್ತಿದೆ, ಬ್ಯಾಟರಿ ಬೇಲಿಗೆ ಹೋಗಬೇಕು, ಬಲ್ಬ್ ಆರಿಸಬೇಕು.

"ಆರಿಸಿ ಭಾವ," ಎಂದೆ.

"ನನ್ ಕೈಲಿ ಆಗಾಕಿಲ್ಲ ಕಣಪ್ಪ. ನೀನು ಓದ್ದೋನು, ನೀನೇ ಆಪ್ ಮಾಡು."

ಅದರಲ್ಲೇನಿದೆ? ಬರೀ ಸ್ವಿಚ್ಚು. ನಾನು ದೇವರು ದಿಂಡರು ಎಂದು ಹೆದರುವವನಲ್ಲ, ಈ ಅಂಕಣ ಓದುವ ನಿಮಗೆ ಅದು ಗೊತ್ತು. ಬೆರಳನ್ನು ಸ್ವಿಚ್ಚಿನ ಮೇಲಿಟ್ಟೆ. ಬೆರಳು ಅಲ್ಲೇ ಕೂತಿತು. ಭಾವ ಅಟ್ಟಣೆಯ ಕಡೆ ನೋಡಿದರು, ಕಂಬಳಿ ಹುಡುಕತೊಡಗಿದರು.

ಅಕ್ಕ ನನ್ನ ಕೈ ತಳ್ಳಿ ತಾನೇ ಟಕ್ಕನೆ ಆರಿಸಿದಳು.

"ಮಾದಪ್ಪನ್ ತಾವ ನಾನು ಮಾತಾಡ್ಕತೀನಿ. ಇವ್ರು ಏಣಿಯಿಂದ ಬಿದ್ರೆ ನೋಡ್ಕಳೋಳು ನಾನೇ ಅಂತ ಅವ್ನಿಗೂ ಗೊತ್ತದೆ. ನಡೀರಿ, ಬೇಲಿಗೆ ಕಟ್ಟಿ."

ಕಟ್ಟಿದೆವು. ಭಾವ ಅವತ್ತು ಮನೆಯಲ್ಲೇ ಮಲಗಿದರು. ದೀಪ ಜಗುಲಿಯಲ್ಲಿ ಮಂಕಾಗುತ್ತಿದ್ದ ಅಷ್ಟೂ ದಿನ ಅಕ್ಕನೂ ಅದೇ ಮನೆಯಲ್ಲಿದ್ದಳಲ್ಲ, ಆರಿಸೋಣವೇ ಎಂದು ಯಾರಾದರೂ ಅವಳನ್ನು ಕೇಳಿದ್ದರೇ?